ಕಟ್ಟಿಗೆಯ ಮೇಲಿನ ಕಲ್ಲು

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಕಟ್ಟಿಗೆಗೆ ಯಾರೂ ಕಾವಲು ಕೂಡುತ್ತಿರಲಿಲ್ಲ. ಒಂದು ಕಲ್ಲು ಇಟ್ಟರೆ ಸಾಕಿತ್ತು. ಭೀಮಾ ಹೊಳೆಗೆ ನೆರೆ ಬಂದು ಇಳಿದ ಮೇಲೆ ದಂಡೆಯ ಕೆಸರಿನಲ್ಲಿ ಎಲ್ಲೆಲ್ಲಿಯದೋ ಕೊಂಬೆ, ಬೊಡ್ಡೆ, ಮುರಿದ ತೊಲೆ ಬಂದು ಬಿದ್ದಿರುತ್ತಿದ್ದವು. ಮೊದಲು ಕಂಡವರು ಅದರ ಮೇಲೆ ತಮ್ಮ ಮನೆಯ ಕಲ್ಲು ಇಟ್ಟುಬಿಡುತ್ತಿದ್ದರು. ಆಮೇಲೆ ಅದು ಹತ್ತು ದಿನ ಬಿದ್ದಿರಲಿ, ಹತ್ತು ತಿಂಗಳು ಬಿದ್ದಿರಲಿ, ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಇಟ್ಟವರೇ ಬಂದು ಕಟ್ಟಿಗೆಯನ್ನೂ ಕಲ್ಲನ್ನೂ ಒಟ್ಟಿಗೆ ಒಯ್ಯಬೇಕು. ಮುಂದಿನ ನೆರೆಗೆ ಕಲ್ಲು ಬೇಕಲ್ಲ! ಯಾವ ಕಲ್ಲು ಯಾರ ಮನೆಯದು ಎಂದು ಊರಿಗೆಲ್ಲ ಗೊತ್ತಿತ್ತು. ನಮ್ಮದು ರೊಟ್ಟಿಯಂತೆ ಚಪ್ಪಟೆ ಇತ್ತು.

ನಮ್ಮೂರು ಗಾಣಗಾಪುರದಿಂದ ಕೆಳಗೆ, ಹೊಳೆಯ ದಂಡೆಗೇ ಇತ್ತು. ಕಾಡು ಎಂಬುದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಕಪ್ಪು ಹೊಲ, ಬದುವಿನ ಮೇಲೆ ನಾಲ್ಕು ಜಾಲಿಮರ. ಒಲೆಗೆ ತೊಗರಿ ಕಟ್ಟಿಗೆ ಮತ್ತು ಸಗಣಿಯ ಕುಳ್ಳು. ತೊಗರಿ ಕಟ್ಟಿಗೆ ಭರ್ರನೆ ಉರಿದು ಕ್ಷಣದಲ್ಲಿ ಬೂದಿಯಾಗುತ್ತದೆ, ರೊಟ್ಟಿಗೆ ಸರಿ, ಚಳಿಗೆ ಏನೂ ಅಲ್ಲ. ಹೊಗೆಯಿಲ್ಲದ ಕೆಂಡ ತಾಸುಗಟ್ಟಲೆ ನಿಲ್ಲಬೇಕೆಂದರೆ ಒಣಗಿದ ಜಾಲಿಯೇ ಬೇಕು.

ಆ ಜಾಲಿಯನ್ನು ಊರಿಗೆಲ್ಲ ಕಡಿದು ಸೀಳಿಕೊಡುತ್ತಿದ್ದವರು ಚಾಚಾ. ಕೆಂಪು ರುಮಾಲು, ಹೆಗಲಿಗೆ ಕೊಡಲಿ, ಮೈಯೆಲ್ಲ ಹಸಿ ತೊಗಟೆಯ ಒಗರು ವಾಸನೆ. ಕಟ್ಟಿಗೆ ಒಣಗಿದೆಯೋ ಇಲ್ಲವೋ ಎಂದು ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ತಮ್ಮ ಕಲ್ಲನ್ನು ಕೈಯಲ್ಲಿ ಹಿಡಿದು ತುಂಡಿನ ತುದಿಗೆ ಮೂರು ಸಲ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ಒಣಗಿದ್ದರೆ ಠಣ್ ಎನ್ನುತ್ತಿತ್ತು, ಹಸಿಯಿದ್ದರೆ ಧಬ್ ಎನ್ನುತ್ತಿತ್ತು. ಅವರ ಕಲ್ಲು ಕರಿಯದು, ಗುಂಡಗಿನದು, ಸುತ್ತಲೂ ದಾರ ಕಟ್ಟಿದಂತೆ ಒಂದು ಬಿಳಿ ಗೆರೆ.

ನನಗೆ ಒಂಬತ್ತು ವರ್ಷವಿದ್ದಾಗ ಬಂದ ನೆರೆಯಲ್ಲಿ ಚಾಚಾ ತೇಲಿಬಂದ ಬೊಡ್ಡೆಯೊಂದನ್ನು ಎಳೆಯಲು ಸೊಂಟದ ತನಕ ನೀರಿಗಿಳಿದರು. ಹೊಳೆ ಬೊಡ್ಡೆಯ ಜೊತೆ ಅವರನ್ನೂ ಒಯ್ದಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಅವರ ಹೆಂಡತಿಯನ್ನು ನಾವು ಖಾಲಾ ಎನ್ನುತ್ತಿದ್ದೆವು. ಖಾಲಾ ಅಳಲಿಲ್ಲ, ಬಳೆ ತೆಗೆಯಲಿಲ್ಲ. "ಸಿಕ್ಕಿಲ್ಲ ಅಂದ್ರ ಅದಾರ," ಎಂದು ಅಷ್ಟೇ ಹೇಳಿ ಒಳಗೆ ಹೋದರಂತೆ.

ದಂಡೆಯ ಹಾಳು ಮಂಟಪದೊಳಗೆ ಚಾಚಾ ತಮ್ಮ ಮನೆಯ ಚಳಿಗಾಲಕ್ಕೆಂದು ಕಟ್ಟಿಟ್ಟಿದ್ದ ಒಂದು ಹೊರೆ ಜಾಲಿ ಹಾಗೆಯೇ ಉಳಿಯಿತು. ಖಾಲಾ ಹೊರಲೆಂದೇ ಕಟ್ಟಿದ ಸಣ್ಣ ಹೊರೆ ಅದು. ಅದರ ಮೇಲೆ ಬಿಳಿ ಗೆರೆಯ ಕಲ್ಲು. ಯಾರೂ ಅದನ್ನು ಮುಟ್ಟಲಿಲ್ಲ. ಆಮೇಲೆ ಊರಲ್ಲಿ ಇನ್ನೊಂದು ಮಾತು ಹುಟ್ಟಿತು. ಮಂಜು ಬಿದ್ದ ಬೆಳಗಿನಲ್ಲಿ ಮಂಟಪದ ಕಡೆಯಿಂದ ಠಣ್, ಠಣ್, ಠಣ್ ಎಂದು ಕೇಳುತ್ತದೆ, ಚಾಚಾ ತಮ್ಮ ಕಟ್ಟಿಗೆ ಒಣಗಿತೇ ಎಂದು ನೋಡಲು ಬರುತ್ತಾರೆ ಎಂದು. ನಾನೂ ಎರಡು ಸಲ ಕೇಳಿದ್ದೆ. ಎರಡೂ ಸಲ ಕೌದಿಯೊಳಗೆ ತಲೆ ಹಾಕಿಕೊಂಡಿದ್ದೆ.

ಮರುವರ್ಷ ಅಕ್ಕ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಎಳ್ಳಮಾವಾಸ್ಯೆಗೆ ಹದಿನೈದು ದಿನ ಇರುವಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿಯಿತು. ಹಿತ್ತಲಿನ ಕಟ್ಟಿಗೆ ಬಣವೆಗೆ ತಾಡಪತ್ರಿ ಹೊದಿಸುವುದು ನನ್ನ ಕೆಲಸ. ಅಪ್ಪ ಎರಡು ಸಲ ಹೇಳಿ ಹೊಲಕ್ಕೆ ಹೋದ. ನಾನು ಕುಂಟಾಬಿಲ್ಲೆಯಲ್ಲಿ ಗೆಲ್ಲುತ್ತಿದ್ದೆ, ಇನ್ನೊಂದು ಆಟ ಆಗಲಿ ಎಂದೆ. ಮೂರು ದಿನದ ಮಳೆಗೆ ಬಣವೆಯ ಬುಡದ ತನಕ ನೀರಿಳಿಯಿತು. ಕುಳ್ಳು ಮತ್ತೆ ಸಗಣಿಯಾಯಿತು. ಮಳೆ ನಿಂತ ಮರುದಿನ ಥಂಡಿ ಬಿತ್ತು. ಅದೇ ದಿನ ಬೆಳಿಗ್ಗೆ, ದಿನ ತುಂಬುವ ಮೊದಲೇ, ಅಕ್ಕ ಹಡೆದಳು.

ಕೂಸು ನನ್ನ ಮೊಣಕೈ ಉದ್ದವೂ ಇರಲಿಲ್ಲ. ಅಳುವುದಕ್ಕೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯಂತೆ ಕುಂಯ್‌ಗುಟ್ಟುತ್ತಿತ್ತು. ಸೂಲಗಿತ್ತಿ ಅದರ ಅಂಗಾಲು ಮುಟ್ಟಿ ನೋಡಿ ಅವ್ವನಿಗೆ ಹೇಳಿದಳು: "ಖೋಲಿ ಗರಂ ಇಡ್ರಿ. ಹೊಗಿ ಆಡಬಾರದು, ಕೆಂಡ ಆರಬಾರದು. ಆರ್ತಂದ್ರ ಕೂಸು ಕೈಗೆ ಹತ್ತಂಗಿಲ್ಲ."

ಅಪ್ಪ ಆಗಲೇ ಕಟ್ಟಿಗೆ ತರಲು ಗಾಡಿ ಹೂಡಿಕೊಂಡು ಅಫಜಲಪುರದ ಹಾದಿ ಹಿಡಿದ. ಕರಿ ನೆಲದ ಕೆಸರಿನಲ್ಲಿ ಗಾಲಿ ಅಚ್ಚಿನ ತನಕ ಹೂತುಹೋಗುತ್ತವೆ, ಎರಡು ದಿನದ ಮೊದಲು ಅಪ್ಪ ಬರುವಂತಿರಲಿಲ್ಲ. ನೆರೆಹೊರೆಯವರು ಒಳಗೆ ಇಟ್ಟುಕೊಂಡಿದ್ದ ಒಂದೆರಡು ತುಂಡು ಕೊಟ್ಟರು. ಅವು ಸಂಜೆಗೆ ಮುಗಿದವು. ಅವ್ವ ಹಸಿ ಕಟ್ಟಿಗೆಯನ್ನು ಒಲೆಯ ಮೇಲೆ ಒಣಗಿಸಿ ಒಣಗಿಸಿ ಅಗ್ಗಿಷ್ಟಿಕೆಗೆ ಹಾಕಿದಳು. ಬಾಣಂತಿಯ ಖೋಲಿಯೆಲ್ಲ ಹೊಗೆ. ಕೂಸು ಕೆಮ್ಮಿ ನೀಲಿಯಾಯಿತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬೆಳಕು ಹರಿಯುತ್ತಿದ್ದಂತೆ ನಾನು ಹಗ್ಗ, ಸಿಂಬಿ ತೆಗೆದುಕೊಂಡು ಹೊಳೆಗೆ ನಡೆದೆ. ಎಲ್ಲಿಗೆ ಹೋಗುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಂಟಪಕ್ಕೆ ಕಲ್ಲಿನ ಚಾವಣಿ ಇತ್ತು, ಒಳಗಿನ ಹೊರೆ ನೆನೆದಿರಲಿಕ್ಕಿಲ್ಲ.

ದಂಡೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಪಾದವೇ ನನಗೆ ಕಾಣುತ್ತಿರಲಿಲ್ಲ. ನೀರು ಹರಿಯುವ ಸದ್ದು ಒಮ್ಮೆ ಎಡಕ್ಕೆ ಕೇಳಿದರೆ ಒಮ್ಮೆ ಬೆನ್ನ ಹಿಂದೆ ಕೇಳುತ್ತಿತ್ತು. ಒಂದು ಹಕ್ಕಿಯೂ ಕೂಗಲಿಲ್ಲ. ಮಂಟಪದ ಕಂಬ ಮಸುಕಾಗಿ ಕಾಣುವಷ್ಟು ಹತ್ತಿರ ಬಂದಿದ್ದೆ. ಆಗ ಕೇಳಿತು.

ಠಣ್. ಠಣ್. ಠಣ್.

ಜಾಲಿಯ ಬುಡಕ್ಕೆ ಒರಗಿ ಕೂತುಬಿಟ್ಟೆ. ಬೆನ್ನಿಗೆ ಮುಳ್ಳು ಚುಚ್ಚಿದ್ದು ಮನೆಗೆ ಹೋದ ಮೇಲೇ ಗೊತ್ತಾದದ್ದು. ಓಡಿಹೋಗಬೇಕೆಂದರೆ ಕೂಸಿನ ನೀಲಿ ತುಟಿ ಕಣ್ಣ ಮುಂದೆ ಬರುತ್ತಿತ್ತು. ನೂರರ ತನಕ ಎಣಿಸಿದೆ. ಸದ್ದು ಮತ್ತೆ ಬರಲಿಲ್ಲ. ಎದ್ದು ಒಳಗೆ ಹೋದೆ.

ಒಳಗೆ ಯಾರೂ ಇರಲಿಲ್ಲ. ಬಾವಲಿಯ ವಾಸನೆ, ನಡುವೆ ಹೊರೆ, ಅದರ ಮೇಲೆ ಕಲ್ಲು. "ಚಾಚಾ, ಕೂಸಿಗೆ ಬೇಕ್ರೀ," ಎಂದು ಹೇಳಿ ಕಲ್ಲಿಗೆ ಕೈಯಿಟ್ಟೆ.

ಕಲ್ಲು ಬೆಚ್ಚಗಿತ್ತು.

ಆ ಥಂಡಿಯಲ್ಲಿ ಮಂಟಪದ ಕಂಬ, ನೆಲ, ನನ್ನ ಕೈ ಎಲ್ಲವೂ ಮರಗಟ್ಟುವಷ್ಟು ತಣ್ಣಗಿದ್ದವು. ಆ ಕಲ್ಲು ಮಾತ್ರ ಈಗಷ್ಟೇ ಯಾರೋ ಅಂಗೈಯಲ್ಲಿ ಹಿಡಿದಿದ್ದಂತೆ ಬೆಚ್ಚಗಿತ್ತು.

ಆಗ ನಾನು ಮಾಡಿದ ತಪ್ಪನ್ನು ಕೇಳಿ, ಮಕ್ಕಳೇ. ಕಲ್ಲು ತೆಗೆದಿಟ್ಟು ಕಟ್ಟಿಗೆ ಒಯ್ದರೆ ಕಳ್ಳತನವಾಗುತ್ತದೆ, ಕಲ್ಲು ಕಟ್ಟಿಗೆಯ ಮೇಲೇ ಇದ್ದರೆ ಅದು ಇನ್ನೂ ಚಾಚಾನದೇ ಆಗಿರುತ್ತದೆ ಎಂದು ನನ್ನ ಹತ್ತು ವರ್ಷದ ಬುದ್ಧಿಗೆ ತೋಚಿತು. ಕಲ್ಲನ್ನು ಹೊರೆಯ ಮೇಲೇ ಹಗ್ಗದಿಂದ ಬಿಗಿದು, ಕಟ್ಟೆಗೆ ಆನಿಸಿ ತಲೆಯ ಮೇಲೆ ತೆಗೆದುಕೊಂಡೆ. ಹೆಜ್ಜೆ ಹೆಜ್ಜೆಗೂ ಹೊರೆ ಭಾರವಾಗುತ್ತಾ ಹೋಯಿತು, ಮೇಲಿಂದ ಯಾರೋ ಕೈ ಒತ್ತಿದ ಹಾಗೆ. ಮನೆ ಮುಟ್ಟುವ ತನಕ ಹಿಂದೆ ತಿರುಗಿ ನೋಡಲಿಲ್ಲ. ಹೊಳೆಯಲ್ಲಿ ಸಿಕ್ಕಿತೆಂದು ಅವ್ವನಿಗೆ ಹೇಳಿ, ಕಲ್ಲನ್ನು ಕುಳ್ಳಿನ ಬುಟ್ಟಿಯ ಕೆಳಗೆ ಬಚ್ಚಿಟ್ಟೆ.

ಆ ಜಾಲಿ ಎಂಥ ಕೆಂಡ ಕೊಟ್ಟಿತು! ಹೊಗೆಯ ಎಳೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸಿನ ತುಟಿ ಕೆಂಪಗಾಯಿತು. ಮೊದಲ ಸಲ ಅದು ಬಾಯ್ತುಂಬ ಅತ್ತಿತು. ಅಕ್ಕನೂ ಅತ್ತಳು.

ದೀಪ ಹಚ್ಚುವ ಹೊತ್ತಿಗೆ ಖಾಲಾ ಬಂದರು. ಕಣ್ಣಿಗೆ ಸುರಮಾ, ಪೆಟ್ಟಿಗೆಯೊಳಗಿನ ಹಸಿರು ಸೀರೆ, ಕೈಯಲ್ಲಿ ಸಕ್ಕರೆಯ ತಟ್ಟೆ. ಅವರ ಮುಖ ಅಷ್ಟು ಹೊಳೆಯುವುದನ್ನು ನಾನು ನೋಡಿರಲೇ ಇಲ್ಲ.

"ಬಾಯಿ ಸಿಹಿ ಮಾಡ್ಕೋರಿ," ಎಂದರು ಅವ್ವನಿಗೆ. "ನಮ್ಮವರು ಬಂದಾರ. ಮಂಟಪದಾಗಿನ ಹೊರಿ ಒಯ್ದಾರ."

ಅವ್ವ ತಟ್ಟೆಗೆ ಕೈ ಚಾಚದೆ ಹೇಳಿದಳು: "ಯಾರೋ ಕಳ್ಳರು ಒಯ್ದಿರಬೇಕ್ರಿ..."

"ಕಳ್ಳರು ಕಲ್ಲು ಒಯ್ತಾರೇನ್ರಿ? ಕಲ್ಲು ಸೈತ ಒಯ್ದಾರ. ಇಟ್ಟವರೇ ಒಯ್ಯಬೇಕಲ್ರಿ ಅದನ್ನ. ಎಲ್ಲೋ ಹತ್ರ ಅದಾರ, ಮನಿಗೆ ಬರ್ಲಾಕ ನಾಚಲಾಕತ್ತಾರ. ಬಿಸಿ ಅನ್ನ ಮಾಡಿಟ್ಟು ಬಂದೇನಿ."

ಒಳಗಿನ ಖೋಲಿಯಲ್ಲಿ ಅವರ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ನಾನು ಬಾಗಿಲಿನ ಹಿಂದೆ ನಿಂತಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಖಾಲಾ ಆ ಅನ್ನದ ಮುಂದೆ ಎಷ್ಟು ದಿನ ಕೂಡುತ್ತಾರೆ ಎಂದು ಯೋಚಿಸಿದೆ. ಬುಟ್ಟಿ ಎತ್ತಿ, ಕಲ್ಲು ತಂದು, ಅವರ ಕಾಲ ಬಳಿ ಇಟ್ಟೆ.

"ನಾನೇ ತಂದೇನ್ರಿ, ಖಾಲಾ."

ಅವ್ವ ನನ್ನ ರಟ್ಟೆ ಹಿಡಿದು ಕೈ ಎತ್ತಿದಳು. ಖಾಲಾ ಅವಳ ಕೈ ತಡೆದರು. ಆಮೇಲೆ ಮೆಲ್ಲಗೆ ಕೂತು ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಮುಖದ ಹೊಳಪು ಇಳಿಯುವುದನ್ನು ನಾನು ನೋಡುತ್ತಾ ನಿಂತೆ. ಅದಕ್ಕಿಂತ ಹೆದರಿಕೆಯ ನೋಟವನ್ನು ಈ ವಯಸ್ಸಿನ ತನಕ ನಾನು ಕಂಡಿಲ್ಲ.

"ಕಲ್ಲು ಯಾಕ ತಂದೀ, ಬೇಟಿ? ಅಲ್ಲೇ ಬಿಟ್ಟು ಬರೂದಲ್ಲ?"

"ಕಲ್ಲು ಮ್ಯಾಲಿದ್ರ ಕಟಗಿ ಚಾಚಾಂದೇ ಇರ್ತದ ಅಂತ ತಂದೇನ್ರಿ."

ಖಾಲಾ ನಕ್ಕರು. ನಗುತ್ತಿದ್ದಂತೆಯೇ ಅಳು ಬಂತು. ಒಂದೂವರೆ ವರ್ಷದ ಅಳು ಅದು, ಬೇಗ ನಿಲ್ಲಲಿಲ್ಲ. ಅವ್ವನೂ ಪಕ್ಕದಲ್ಲಿ ಕೂತು ಅತ್ತಳು. ಕೊನೆಗೆ ಕೂಸು ಒಳಗೆ ಕುಂಯ್ ಎಂದಾಗ ಖಾಲಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಖೋಲಿಗೆ ಹೋಗಿ ಕೂಸಿನ ಅಂಗಾಲು ಮುಟ್ಟಿದರು. ಉಳಿದ ತುಂಡುಗಳಲ್ಲಿ ಒಂದನ್ನು ಎತ್ತಿ, ಕಲ್ಲಿನಿಂದ ಅದರ ತುದಿಗೆ ಬಡಿದರು.

ಠಣ್. ಠಣ್. ಠಣ್.

"ಇದು ಒಣಗ್ಯದ. ಹಾಕವ್ವ," ಎಂದು ನನ್ನ ಕೈಗೆ ಕೊಟ್ಟರು.

ಬೆಳಗಿನ ಸದ್ದು ಅದೇ. ಮಂಜಿನಲ್ಲಿ ಮಂಟಪಕ್ಕೆ ಹೋಗಿ, ಗಂಡ ಬಡಿದಂತೆ ಬಡಿದು, ಕಲ್ಲನ್ನು ಅಂಗೈಯಲ್ಲಿ ಹಿಡಿದು ಕೂತು ಬರುತ್ತಿದ್ದವರು ಖಾಲಾ. ನಾನು ಜಾಲಿಯ ಬುಡದಲ್ಲಿ ನೂರು ಎಣಿಸುತ್ತಿದ್ದಾಗ ಅವರು ಆಚೆ ಕಡೆಯಿಂದ ಇಳಿದು ಹೋಗಿದ್ದರು. ಊರೆಲ್ಲ ಹೆದರಿದ್ದು ಅವರ ಕೈಸದ್ದಿಗೆ.

ಮರುದಿನ ಅಪ್ಪ ಗಾಡಿ ತುಂಬ ಕಟ್ಟಿಗೆ ತಂದು, ಮೊದಲ ಹೊರೆಯನ್ನು ಖಾಲಾನ ಬಾಗಿಲಿಗೆ ಇಳಿಸಿದ. ಖಾಲಾ ಮತ್ತೆ ಮಂಟಪಕ್ಕೆ ಹೋಗಲಿಲ್ಲ. ದಿನಾ ನಸುಕಿಗೇ ನಮ್ಮ ಮನೆಗೆ ಬಂದು ಅಗ್ಗಿಷ್ಟಿಕೆ ಹೊತ್ತಿಸುತ್ತಿದ್ದರು. ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆಯೂ ಬಂದಿದ್ದರು. ಕೂಸು ಅವರ ತೊಡೆಯ ಮೇಲಿತ್ತು, ಕಲ್ಲು ನನ್ನ ಮಡಿಲಲ್ಲಿತ್ತು. ಅವ್ವ, ಅಕ್ಕ ಅಲ್ಲೇ ಇದ್ದರು. ಹೊರಗೆ ಮತ್ತೆ ಮಂಜು ಬಿದ್ದಿತ್ತು.

ಹೊಳೆಯ ಕಡೆಯಿಂದ ಧಬ್ ಎಂದು ಸದ್ದು ಬಂತು. ಮೂರು ಸಲ.

ಅವ್ವನ ಕೈಯಲ್ಲಿನ ಚಮಚ ನಿಂತಿತು. ಅಕ್ಕ ನನ್ನನ್ನು ನೋಡಿದಳು. ಖಾಲಾ ತಲೆ ಎತ್ತಲಿಲ್ಲ, ಕಿವಿ ಮಾತ್ರ ಆ ಕಡೆ ತಿರುಗಿತು.

"ಹಸಿ ಅದ ಅದು," ಎಂದರು ಮೆಲ್ಲಗೆ. "ಇನ್ನಾ ನಾಕು ಬಿಸಲು ಬೇಕು."

ಕೆಂಡಕ್ಕೆ ಇನ್ನೊಂದು ತುಂಡು ಹಾಕಿ, ಕೂಸಿನ ಅಂಗಾಲು ತಿಕ್ಕತೊಡಗಿದರು. ಆ ದಿನ ಯಾರೂ ಹೊಳೆಗೆ ನೋಡಲು ಹೋಗಲಿಲ್ಲ. ಕಲ್ಲನ್ನು ಖಾಲಾ ತಮ್ಮ ಕೈಯಾರೆ ನನಗೆ ಕೊಟ್ಟಿದ್ದರು, ವಾಪಸು ಕೇಳಲಿಲ್ಲ.

ಆ ಕೂಸೇ ನಿಮ್ಮ ಜೇವರ್ಗಿ ದೊಡ್ಡಪ್ಪ. ಈಗ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕು, ಅಷ್ಟು ಎತ್ತರ. ಡಿಸೆಂಬರ್ ಬಂತೆಂದರೆ ಎರಡು ಸ್ವೆಟರ್ ಹಾಕಿಕೊಳ್ಳುತ್ತಾನೆಂದು ನೀವು ನಗುತ್ತೀರಿ.

ಆಳಂದದ ಈ ಮನೆಯಲ್ಲಿ ನಿಮಗೆ ಚಳಿಯಾದರೆ ಗುಂಡಿ ಒತ್ತುತ್ತೀರಿ, ಹೀಟರಿನ ತಂತಿ ಕೆಂಪಾಗುತ್ತದೆ. ಅದು ಯಾವ ಮರದ್ದು, ಯಾರು ಕಡಿದದ್ದು, ಯಾರ ಕಲ್ಲು ಅದರ ಮೇಲಿತ್ತು ಎಂದು ನೀವು ಕೇಳಬೇಕಾಗಿಲ್ಲ. ಒಳ್ಳೆಯದೇ ಆಯಿತು, ನಿಮ್ಮ ಬೆನ್ನಿಗೆ ಮುಳ್ಳು ಚುಚ್ಚುವುದು ನನಗೂ ಬೇಡ. ಆದರೆ ಅಡುಗೆಮನೆಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರಿನ ಮೇಲೆ ನಾನು ಇಟ್ಟಿರುವ ಕರಿ ಕಲ್ಲನ್ನು ನೋಡಿ, "ಆಯಿ ಸಿಲಿಂಡರಿಗೂ ಕಾವಲು ಇಟ್ಟಾಳ," ಎಂದು ಹಾಸ್ಯ ಮಾಡುತ್ತೀರಲ್ಲ, ಅದು ಈ ಕಲ್ಲು.

ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟುವುದು ನನ್ನ ರೂಢಿ. ಇಷ್ಟು ವರ್ಷ ಅದು ತಣ್ಣಗೇ ಇತ್ತು. ಈ ಸಲ ಎಳ್ಳಮಾವಾಸ್ಯೆಯ ಮರುದಿನ ನೀವೆಲ್ಲ ಇನ್ನೂ ಮಲಗಿದ್ದಿರಿ, ಕಿಟಕಿಯ ಹೊರಗೆ ಬೆಳ್ಳಗೆ ಮಂಜು. ಕೈಯಿಟ್ಟೆ. ಬೆಚ್ಚಗಿತ್ತು. ನಿಮ್ಮಲ್ಲಿ ಯಾರು ಎದ್ದುಬಂದು ಅದನ್ನು ಹಿಡಿದಿದ್ದಿರಿ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.