ಅಂಗೈಗೆ ತಾಗದ ಉಸಿರು

ವರ್ಡೆಲ್ ಮೊದಲು ಕಂಡದ್ದು ಅವನ ಮುಖವನ್ನಲ್ಲ, ಅಂಗೈಯನ್ನು.

ಆಗಸ್ಟ್ ತಿಂಗಳ ಮಧ್ಯಾಹ್ನ. ಟೋಲಿವರ್ ಕಾಲೇಜಿನ ಅಭ್ಯಾಸದ ಮೈದಾನದಲ್ಲಿ ಹುಲ್ಲೆಲ್ಲ ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಬ್ಯಾಂಡಿಗೆ ಹೊಸದಾಗಿ ಸೇರಿದವರನ್ನು ಸಾಲಾಗಿ ನಿಲ್ಲಿಸಿದ್ದರು. ವರ್ಡೆಲ್‌ಳ ಕೈಯಲ್ಲಿದ್ದ ಟ್ರಾಂಬೋನ್, ಜಾರುಕೊಳವೆ ಎಳೆದು ಸ್ವರ ಬದಲಿಸುವ ಹಿತ್ತಾಳೆಯ ಕಹಳೆ, ಅವಳ ಊರಿನ ಚರ್ಚಿನದು. ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅವಳ ಮನೆಯಲ್ಲಿ ಕಾಲೇಜಿನ ಗೇಟು ದಾಟಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಚರ್ಚಿನ ನಾಲ್ಕು ಹಾಡು ಬಿಟ್ಟರೆ ಅವಳಿಗೆ ಬೇರೇನೂ ಊದಲು ಬರುತ್ತಿರಲಿಲ್ಲ. ಅಕ್ಕಪಕ್ಕದವರು ಸ್ವರ ಬರೆದ ಕಾಗದ ನೋಡಿಕೊಂಡು ಸರಾಗವಾಗಿ ಊದುತ್ತಿದ್ದರು. ಅವಳು ಅವರನ್ನು ಓರೆಗಣ್ಣಿನಲ್ಲಿ ನೋಡುತ್ತ, ಅವರಂತೆಯೇ ಜಾರುಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತ, ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಳು. ಊದುತ್ತಿರಲಿಲ್ಲ.

ಆಗ ಅವಳ ವಾದ್ಯದ ಅಗಲ ಬಾಯಿಗೆ ಅಡ್ಡವಾಗಿ ಒಂದು ಅಂಗೈ ಬಂತು. ಉದ್ದ ಬೆರಳುಗಳು, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಗಾಯ. ಅದು ಅಲ್ಲೇ ಕಾದು ನಿಂತಿತು. ವರ್ಡೆಲ್‌ಗೆ ಓಡಿಹೋಗಬೇಕೆನಿಸಿತು.

"ಹೆಸರು?"

"ವರ್ಡೆಲ್ ಸ್ಟಾಲ್‌ವರ್ತ್."

"ಯಾವೂರು?"

"ವಿಲ್ಕಾಕ್ಸ್ ಕೌಂಟಿ. ನದಿ ಆಚೆ."

"ನದಿ ಆಚೆ ಜನ ಉಸಿರಾಡ್ತಾರಾ?"

ಸಾಲಿಗೆ ಸಾಲೇ ನಕ್ಕಿತು. ವರ್ಡೆಲ್ ತಲೆ ಎತ್ತಿ ಅವನ ಮುಖ ನೋಡಿದ್ದು ಆಗ. ಅವನು ನಗುತ್ತಿರಲಿಲ್ಲ.

"ಆಡ್ತಾರೆ," ಎಂದಳು.

"ಹಾಗಿದ್ರೆ ಇದರೊಳಗೂ ಸ್ವಲ್ಪ ಆಡು. ಇದು ಸತ್ತ ಕಹಳೆ. ನನ್ನ ಸಾಲಲ್ಲಿ ಊದದೇ ಇರೋರು ಹುಲ್ಲು ತುಳಿಯೋ ಹಾಗಿಲ್ಲ. ಆಚೆ ಹೋಗು."

ಸಂಜೆಯವರೆಗೆ ಅವಳು ಜಲ್ಲಿಕಲ್ಲಿನ ದಾರಿಯ ಮೇಲೆ ನಿಂತಿದ್ದಳು. ಎಲ್ಲರೂ ಊಟಕ್ಕೆ ಹೋದ ಮೇಲೆ ಟ್ರಾಂಬೋನ್ ಸಾಲಿನ ಆ ಮುಂದಾಳು, ಮೂರನೇ ವರ್ಷದ ಆಲ್ಟನ್ ಪೆಟ್‌ವೇ, ಅವಳ ಬಳಿ ಬಂದು ಮೆಟ್ಟಿಲ ಮೇಲೆ ಕೂತ.

"ಈಗ ಊದು."

"ತಪ್ಪಾಗತ್ತೆ."

"ಆಗಲಿ. ತಪ್ಪು ಊದಿದ್ರೆ ತಿದ್ದಬಹುದು ಕಣೇ. ಊದ್ದೇ ಇದ್ರೆ ನಾನು ಏನನ್ನ ತಿದ್ದಲಿ?"

ಅವಳು ಊದಿದಳು. ಕರು ಕೂಗಿದ ಹಾಗಿತ್ತು. ಅವನು ಮತ್ತೆ ಅಂಗೈ ಒಡ್ಡಿ, "ಬಂತು, ಬಂತು," ಎಂದ.

ಆ ಅಂಗೈಯನ್ನೇ ಅವಳು ಮುಂದೆ ಮದುವೆಯಾದಳು. ಆಲ್ಟನ್ ಹಳ್ಳಿಯ ಶಾಲೆಯೊಂದರಲ್ಲಿ ಬ್ಯಾಂಡ್ ಮೇಷ್ಟ್ರಾದ. ವರ್ಡೆಲ್ ಅಲ್ಲೇ ಪಕ್ಕದ ಶಾಲೆಯಲ್ಲಿ ಗಣಿತ ಕಲಿಸಿದಳು. ಮಗಳು ಕಾರ್ಲಿಸ್ ಹುಟ್ಟಿದ ಕೆಲ ವರ್ಷಗಳಲ್ಲಿ ಅವನ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಬೇರೆ ಊರಿನ ಶಾಲೆಗೆ ಸೇರಿಸಿದರು. ಆ ಶಾಲೆಗೆ ಇನ್ನೊಬ್ಬ ಬ್ಯಾಂಡ್ ಮೇಷ್ಟ್ರು ಬೇಕಿರಲಿಲ್ಲ. ಆಲ್ಟನ್ ಕಬ್ಬಿಣದ ಕೊಳವೆ ಎರಕ ಹೊಯ್ಯುವ ಕಾರ್ಖಾನೆಗೆ ಸೇರಿದ. ಮರಳಿನ ಅಚ್ಚು ಒಡೆದು ಗುಡಿಸುವುದು ಅವನ ಕೆಲಸ. ಶನಿವಾರವೂ ಪಾಳಿ ಇರುತ್ತಿದ್ದುದರಿಂದ ಚೆಂಡನ್ನು ತೋಳಲ್ಲಿ ಅವಚಿಕೊಂಡು ಓಡುವ ಕಾಲೇಜಿನ ಫುಟ್‌ಬಾಲ್ ಪಂದ್ಯಗಳು ತಪ್ಪಿಹೋದವು. ಮರಳಿನ ದೂಳು ವರ್ಷವರ್ಷವೂ ಎದೆಯಲ್ಲಿ ಕೂತಿತು. ಕೆಮ್ಮು ಹಿಡಿಯಿತು. ಕೊನೆಗೆ ಡಾಕ್ಟರು ಎದೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದ ಕೆಳಭಾಗ ಕಲ್ಲಾಗಿದೆ, ಇನ್ನು ಮೇಲಿನದೂ ಹಾಗೇ ಆಗುತ್ತದೆ ಎಂದರು. ಮೂಗಿಗೆ ಸಣ್ಣ ನಳಿಕೆ ಬಂತು; ಭುಜಕ್ಕೆ ತೂಗುಹಾಕಿಕೊಳ್ಳುವ ಆಮ್ಲಜನಕದ ಪೆಟ್ಟಿಗೆ ಬಂತು. ಟ್ರಾಂಬೋನ್ ಮಂಚದ ಕೆಳಗೆ ಹೋಯಿತು.

ಈ ವರ್ಷ ಸೆಪ್ಟೆಂಬರಿನಲ್ಲಿ ಅವನು ಅದನ್ನು ಹೊರಗೆಳೆದು ಒರೆಸತೊಡಗಿದಾಗ ವರ್ಡೆಲ್‌ಗೆ ವಿಷಯ ತಿಳಿಯಿತು. ಅಕ್ಟೋಬರಿನ ಒಂದು ಶನಿವಾರ ಹಳೆಯ ವಿದ್ಯಾರ್ಥಿಗಳೆಲ್ಲ ಕಾಲೇಜಿಗೆ ಮರಳುತ್ತಾರೆ. ಅಂದಿನ ಪಂದ್ಯದ ಮಧ್ಯದ ವಿರಾಮದಲ್ಲಿ ಬ್ಯಾಂಡಿನ ಹಳಬರೂ ಮೈದಾನಕ್ಕಿಳಿದು ಹುಡುಗರ ಜೊತೆ ಕಾಲೇಜಿನ ಹಾಡು ನುಡಿಸುತ್ತಾರೆ.

"ಬಲೂನು ಊದಬೇಡ ಅಂದಿದ್ದಾರೆ ಡಾಕ್ಟ್ರು. ನೀನು ಟ್ರಾಂಬೋನ್ ಊದಕ್ಕೆ ಹೊರಟಿದೀಯ."

"ಒಂದೇ ಹಾಡು ಕಣೇ. ಅಷ್ಟಕ್ಕೆ ಉಸಿರಿದೆ."

"ಇಲ್ಲದಿದ್ರೆ?"

"ಕಾರ್ಲಿಸ್ ನನ್ನನ್ನ ಹುಲ್ಲಿನ ಮೇಲೆ ನೋಡೇ ಇಲ್ಲ. ಅವಳಿಗೆ ನಾನು ಅಂದ್ರೆ ಈ ಪೆಟ್ಟಿಗೆ. ಮುಂದಿನ ವರ್ಷಕ್ಕೆ ಆಗಲ್ಲ. ಈ ಸಲ ಅವಳು ಕೇಳಬೇಕು."

ಮಾರನೆಯ ದಿನ ವರ್ಡೆಲ್ ಅವನ ಬ್ಯಾಂಡಿನ ಮರೂನ್ ಬಣ್ಣದ ಹಳೆಯ ಕೋಟನ್ನು ಬಿಸಿಲಿಗೆ ಹಾಕಿದಳು.

ಶನಿವಾರ ಬೆಳಿಗ್ಗೆ ನಾಲ್ವರೂ ಹೊರಟರು: ಆಲ್ಟನ್, ವರ್ಡೆಲ್, ರಾಜ್ಯದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಾರ್ಲಿಸ್, ಮತ್ತು ಆಲ್ಟನ್‌ನ ತಾಯಿ ಒಝೆಲ್ಲಾ. ಅಜ್ಜಿಯ ತಲೆಯ ಮೇಲೆ ಗರಿಯಿದ್ದ ಮರೂನ್ ಟೋಪಿ. ತೊಡೆಯ ಮೇಲೆ ಬೆಣ್ಣೆ ಕೇಕಿನ ಡಬ್ಬ. ಕಾಲೇಜಿನ ಬಯಲು ತುಂಬ ಡೇರೆಗಳು, ಹಂದಿಯ ಪಕ್ಕೆಲುಬು ಸುಡುವ ಹೊಗೆ, ಬೆಕ್ಕುಮೀನು ಕರಿಯುವ ಎಣ್ಣೆಯ ಸದ್ದು. ಆಲ್ಟನ್ ಹತ್ತು ಹೆಜ್ಜೆಗೊಮ್ಮೆ ಯಾರನ್ನೋ ಮಾತಾಡಿಸುವ ನೆಪದಲ್ಲಿ ನಿಲ್ಲುತ್ತಿದ್ದ. ಅದು ನೆಪವೆಂದು ವರ್ಡೆಲ್‌ಗೆ ಗೊತ್ತಿತ್ತು.

"ಇದೇನಾ ಸ್ಟೇಡಿಯಂ?" ಎಂದಳು ಕಾರ್ಲಿಸ್. "ಡ್ಯಾಡಿ, ನಮ್ಮ ಸ್ಟೇಡಿಯಂನ ಟಾಯ್ಲೆಟ್ಟು ಇದಕ್ಕಿಂತ ದೊಡ್ಡದಿದೆ."

"ದೊಡ್ಡ ಟಾಯ್ಲೆಟ್ ಬೇಕಾಗೋದು ದೊಡ್ಡ ಹೊಲಸಿಗೆ ಕಣೇ," ಎಂದಳು ಅಜ್ಜಿ. "ನಿಮ್ಮ ತಂಡದ ಹೆಸರು ಎತ್ತಬೇಡ ಇಲ್ಲಿ. ಇವತ್ತು ನಾವೆಲ್ಲಾ ಹೇಸರಗತ್ತೆಗಳು."

ಹೇಸರಗತ್ತೆ ಟೋಲಿವರ್ ತಂಡದ ಗುರುತು. ಗೇಟಿನ ಬಳಿ ಇನ್ನೊಂದು ಮರೂನ್ ಕೋಟು ಎದುರಾಯಿತು. ಅದರ ಗುಂಡಿಗಳು ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಆಲ್ಟನ್‌ನ ಸಾಲಿನಲ್ಲಿ ಊದುತ್ತಿದ್ದ ರೇಬರ್ನ್, ಈಗ ಲಾರಿ ಓಡಿಸುವವನು.

"ಏಯ್ ಪೆಟ್‌ವೇ! ಇನ್ನೂ ಬದುಕಿದೀಯಾ! ನಿನ್ನ ಭಯಕ್ಕೆ ನಾನು ಇವತ್ತಿಗೂ ನಿದ್ದೇಲಿ ಊದ್ತೀನಂತೆ ಮಾರಾಯ. ನನ್ನ ಹೆಂಡ್ತಿ ಬೇರೆ ಕೋಣೇಲಿ ಮಲಗ್ತಾಳೆ." ಆಮೇಲೆ ಪೆಟ್ಟಿಗೆ ನೋಡಿದ. ನೋಡದವನಂತೆ ಕಾರ್ಲಿಸ್ ಕಡೆ ತಿರುಗಿದ. "ಮಗಾ, ಈ ನಿಮ್ಮಪ್ಪ ಶುರುಮಾಡಿದ ಕಾಯಿಲೆ ಗೊತ್ತಾ? ಕಹಳೆಗೆ ಕೈ ಅಡ್ಡ ಇಡೋದು? ಈಗ ಅದು ಇಲ್ಲಿ ಪದ್ಧತಿ. ಹಳಬರು ಬರೋ ದಿನ ಮಾತ್ರ ಉಲ್ಟಾ. ಹುಡುಗರ ಮುಂದಾಳು ನಮ್ಮ ಕಹಳೆಗೆ ಕೈ ಇಡ್ತಾರೆ. ಉಸಿರು ತಾಗಲಿಲ್ಲ ಅಂದ್ರೆ ಆಚೆ! ಜನ ಎಲ್ಲಾ 'ಸತ್ತ ಕಹಳೆ' ಅಂತ ಕೂಗ್ತಾರೆ."

"ನಿಮ್ಮನ್ನ ಹಿಡಿದಿದಾರಾ ಅಂಕಲ್?"

"ಹೋದ ವರ್ಷ. ಬಾಯಲ್ಲಿ ಪಕ್ಕೆಲುಬಿನ ಮಾಂಸ ಇತ್ತು, ಎಲ್ಲಿಂದ ಊದಲಿ? ಆ ಮುಂದಾಳು ಹುಡುಗಿಗೆ ಕರುಣೆ ಅನ್ನೋದೇ ಇಲ್ಲ. ಈ ಸಲವೂ ಅವಳೇ."

"ಒಳ್ಳೆ ಹುಡುಗಿ," ಎಂದ ಆಲ್ಟನ್.

ಪಂದ್ಯ ಶುರುವಾಯಿತು. ಜಾರ್ಜಿಯಾದಿಂದ ಬಂದ ತಂಡ ಚೆಂಡನ್ನು ಹಿಡಿದುಕೊಂಡು ಹೇಸರಗತ್ತೆಗಳ ನಡುವೆ ಸಂತೆಯಲ್ಲಿ ಓಡಾಡಿದಂತೆ ಓಡಾಡಿತು. ಸುತ್ತಲಿನವರು ಆಟವನ್ನು ಅರ್ಧ ನೋಡುತ್ತ, ಅರ್ಧ ಬೈಯುತ್ತ, ತಿನ್ನಲು ಎದ್ದು ಹೋಗಿ ಬರುತ್ತಿದ್ದರು. ವಿರಾಮದ ಗಂಟೆ ಹತ್ತಿರವಾದಂತೆ ಎಲ್ಲರೂ ಓಡಿಬಂದು ಜಾಗ ಹಿಡಿದರು. ಟೋಲಿವರಿನಲ್ಲಿ ವಿರಾಮಕ್ಕೆ ಯಾರೂ ಏಳುವುದಿಲ್ಲ.

ವರ್ಡೆಲ್ ಆಲ್ಟನ್‌ನ ಜೊತೆ ಮೈದಾನದ ಕಟಕಟೆಯವರೆಗೆ ಹೋದಳು. ಅವನು ನಳಿಕೆ ತೆಗೆದು, ಪೆಟ್ಟಿಗೆಯನ್ನು ಅವಳ ಕೈಗಿತ್ತ. ಕೆನ್ನೆಗಳ ಮೇಲೆ ನಳಿಕೆಯ ಗುರುತು ಎರಡು ಗೆರೆಯಾಗಿ ಉಳಿದಿತ್ತು. ಅವಳು ಹೆಬ್ಬೆರಳಿನಿಂದ ಒರೆಸಲು ನೋಡಿದಳು. ಹೋಗಲಿಲ್ಲ.

"ಆಗಲಿಲ್ಲ ಅಂದ್ರೆ ಬಂದುಬಿಡು."

"ಊದದೇ ಇರೋರು ಹುಲ್ಲು ತುಳಿಯಲ್ಲ," ಎಂದು ನಕ್ಕು ಅವನು ಹುಲ್ಲಿಗೆ ಕಾಲಿಟ್ಟ.

ಹಳಬರ ಸಾಲು ಮೈದಾನದ ನಡುವೆ ನಿಂತಿತು. ಬ್ಯಾಂಡಿನ ಗುರು ಕೈ ಎತ್ತಿದರು. ಕಾಲೇಜಿನ ಹಾಡು ನಿಧಾನವಾಗಿ ಮೇಲೆದ್ದಿತು. ಪ್ರೇಕ್ಷಕರ ಮೇಲಿನ ಸಾಲಿನಲ್ಲಿ ಕಾರ್ಲಿಸ್ ಫೋನು ಎತ್ತಿ ಹಿಡಿದಿದ್ದಳು. ನೂರಾರು ಕಹಳೆಗಳ ನಡುವೆ ಒಂದನ್ನು ಬೇರೆಯಾಗಿ ಕೇಳುವುದು ಯಾರಿಂದಲೂ ಆಗದು. ಆಲ್ಟನ್‌ನ ಜಾರುಕೊಳವೆ ಉಳಿದವರ ಜೊತೆಗೇ ಹೋಗಿ ಬರುತ್ತಿತ್ತು. ಒಂದು ಸ್ವರವೂ ಹಿಂದೆ ಬೀಳಲಿಲ್ಲ. ಆದರೆ ವರ್ಡೆಲ್ ಕೊಳವೆಯನ್ನು ನೋಡುತ್ತಿರಲಿಲ್ಲ. ಹಾಗೆ ಎಳೆದಾಡುವುದು ಅವಳಿಗೂ ಒಂದು ಕಾಲಕ್ಕೆ ಚೆನ್ನಾಗಿ ಬರುತ್ತಿತ್ತು. ಅವಳು ನೋಡುತ್ತಿದ್ದದ್ದು ಅವನ ಕೋಟಿನ ಭುಜಗಳನ್ನು. ಮೊದಲ ಸ್ವರಕ್ಕೆ ಅವು ಎದ್ದವು. ಆಮೇಲೆ ಎದೆ ಒಮ್ಮೆ ಜಗ್ಗಿತು. ಮತ್ತೆ ಭುಜ ಏಳಲೇ ಇಲ್ಲ.

ಅವಳ ಕೈಯಲ್ಲಿದ್ದ ಪೆಟ್ಟಿಗೆ ಪುಸ್ ಪುಸ್ ಎಂದು ಗಾಳಿಗೆ ಉಸಿರು ಬಿಡುತ್ತಿತ್ತು.

ಸಾಲಿನ ಆ ತುದಿಯಿಂದ ಮುಂದಾಳು ಹುಡುಗಿ ಹೊರಟಳು. ಎತ್ತರದ ಟೋಪಿ, ಬಿಳಿ ಕೈಗವಸು. ಬಲಗೈ ಗವಸು ಮಾತ್ರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ್ದಳು. ಒಂದೊಂದು ಕಹಳೆಗೂ ಅಂಗೈ ಒಡ್ಡುತ್ತ ಬಂದಳು. ಇಬ್ಬರನ್ನು ಹಿಡಿದಳು, ಜನ "ಸತ್ತ ಕಹಳೆ!" ಎಂದು ಬೊಬ್ಬೆ ಹಾಕಿದರು, ಆ ಇಬ್ಬರು ಮುದುಕರು ನಗುತ್ತ ಕುಣಿಯುತ್ತ ಆಚೆ ಓಡಿದರು. ರೇಬರ್ನ್ ಕಣ್ಣು ಹೊರಬರುವಂತೆ ಊದಿ ಪಾರಾದ. ಅವನ ಪಕ್ಕದಲ್ಲಿ ಆಲ್ಟನ್.

"ನೋಡ್ರೇ, ಈಗ ನನ್ನ ಮಗನ ಸರದಿ!" ಎಂದು ಒಝೆಲ್ಲಾ ಕೂಗಿದ್ದು ಕಟಕಟೆಯವರೆಗೂ ಕೇಳಿತು.

ಅಂಗೈ ಅವನ ಕಹಳೆಯ ಬಾಯಿಗೆ ಬಂತು. ನಿಂತಿತು. ಬೇರೆಯವರ ಬಳಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಜನ ಕೂಗಲು ಬಾಯಿ ತೆರೆದು ಕಾದರು. ಹುಡುಗಿ ಅವನ ಮುಖ ನೋಡಿದಳು. ಬೂದಿ ಬಣ್ಣಕ್ಕೆ ತಿರುಗಿದ ತುಟಿಗಳನ್ನು, ಕೆನ್ನೆಯ ಎರಡು ಗೆರೆಗಳನ್ನು. ಕೈ ಹಿಂದಕ್ಕೆ ತೆಗೆದುಕೊಂಡು, ಟೋಪಿಯ ಅಂಚನ್ನು ಬೆರಳಿನಿಂದ ಮುಟ್ಟಿ, ಮುಂದಿನವನ ಬಳಿ ಹೋದಳು.

ಜನ ಚಪ್ಪಾಳೆ ತಟ್ಟಿದರು. ಪೆಟ್‌ವೇ ಪಾರಾದನೆಂದು ಅಜ್ಜಿ ಟೋಪಿ ಬೀಸಿದಳು. ಆಲ್ಟನ್ ಹಾಡು ಮುಗಿಯುವವರೆಗೂ ಕೊಳವೆ ಎಳೆದ.

ಕಟಕಟೆಯ ಹಿಂದಿನ ಐಸ್ ಪೆಟ್ಟಿಗೆಯ ಮೇಲೆ ಕುಸಿದು ಕೂತವನ ಮೂಗಿಗೆ ವರ್ಡೆಲ್ ನಳಿಕೆ ಸಿಕ್ಕಿಸಿದಳು. ತುಂಬ ಹೊತ್ತಿನ ಮೇಲೆ ಅವನಿಗೆ ಮಾತು ಬಂತು.

"ಆ ಹುಡುಗಿ ನನ್ನ ಬಿಟ್ಟುಬಿಟ್ಳು."

"ಒಳ್ಳೇದೇ ಆಯ್ತು."

"ಅವತ್ತು ನಾನು ನಿನ್ನ ಬಿಟ್ಟಿದ್ನಾ?"

"ಇಲ್ಲ."

"ಯಾಕೆ?"

ವರ್ಡೆಲ್ ಅವನ ಕಾಲರಿನ ಗುಂಡಿ ಬಿಚ್ಚಿದಳು. "ನನ್ನ ಕೈಲಿ ಊದಕ್ಕಾಗತ್ತೆ ಅಂತ ನಿನಗೆ ಗೊತ್ತಿತ್ತು."

"ಹ್ಞೂ," ಎಂದ ಆಲ್ಟನ್.

ಪಂದ್ಯ ಮುಗಿದ ಮೇಲೆ ಎರಡೂ ಕಾಲೇಜುಗಳ ಬ್ಯಾಂಡುಗಳು ಎದುರುಬದುರು ನಿಂತು ಒಂದನ್ನೊಂದು ಸೋಲಿಸಲು ನುಡಿಸುವುದುಂಟು. ಅದನ್ನು ಕೇಳದೆ ಟೋಲಿವರಿನವರು ಮನೆಗೆ ಹೋಗುವುದಿಲ್ಲ. ಆಲ್ಟನ್ ಈಗಲೇ ಮನೆಗೆ ಹೋಗೋಣ ಎಂದ. ಅಜ್ಜಿ ಗೊಣಗಲು ಬಾಯಿ ತೆರೆದವಳು ಮಗನ ಮುಖ ನೋಡಿ ಕೇಕಿನ ಡಬ್ಬ ಎತ್ತಿಕೊಂಡಳು.

ವರ್ಡೆಲ್ ಕಾರು ಓಡಿಸಿದಳು. ಎರಡೂ ಕಡೆ ಕೊಯ್ಲಾದ ಹತ್ತಿಯ ಹೊಲಗಳು, ರಸ್ತೆ ಅಂಚಿಗೆ ಅಂಟಿದ ಬಿಳಿ ಎಳೆಗಳು. ಹಿಂದಿನ ಸೀಟಿನಲ್ಲಿ ಕಾರ್ಲಿಸ್ ಫೋನು ತೆಗೆದು ಹಾಡು ಹಚ್ಚಿದಳು.

"ಡ್ಯಾಡಿ, ಪೂರ್ತಿ ರೆಕಾರ್ಡ್ ಮಾಡಿದೀನಿ. ಎಲ್ಲಾ ಒಟ್ಟಿಗೇ ಕೇಳತ್ತೆ. ಇದರಲ್ಲಿ ನಿನ್ನದು ಯಾವುದು ಹೇಳು."

ಆಲ್ಟನ್ ಕಿಟಕಿಯ ಕಡೆ ನೋಡುತ್ತಿದ್ದ. "ನನ್ನದು ಇಲ್ಲ ಮಗಾ ಅದರಲ್ಲಿ."

"ಅಂದ್ರೆ?"

"ಮೊದಲನೇ ಸ್ವರ ಊದಿದೆ. ಕೆಮ್ಮು ಬಂತು, ನುಂಗಿಕೊಂಡೆ. ಆಮೇಲಿಂದು ಬರೀ ಕೈ."

"ಆ ಹುಡುಗಿ ಕೈ ಇಟ್ಟು ನೋಡಿದ್ಲಲ್ಲ?"

"ನೋಡಿದ್ಲು."

ಹಾಡು ನಿಂತಿತು. ಅಜ್ಜಿ ತನ್ನ ಟೋಪಿ ತೆಗೆದು ಗರಿಯನ್ನು ನೇವರಿಸುತ್ತ ಕೂತಳು. ಸ್ವಲ್ಪ ದೂರ ಹೋದ ಮೇಲೆ ಕಾರ್ಲಿಸ್ ಹಾಡನ್ನು ಮೊದಲಿಗೆ ತಿರುಗಿಸಿ, ಶುರುವಿನ ಸ್ವರವೊಂದನ್ನೇ ಹಚ್ಚಿದಳು. ನಿಲ್ಲಿಸಿದಳು. ಮತ್ತೆ ಹಚ್ಚಿದಳು. ಆಮೇಲೆ ಫೋನನ್ನು ಕಿವಿಗೊತ್ತಿಕೊಂಡು ಇನ್ನೂ ಹಲವು ಸಲ ಕೇಳಿದಳು. ಅವಳಿಗೆ ಅಪ್ಪನ ಸ್ವರ ಸಿಕ್ಕಿತೋ ಇಲ್ಲವೋ, ಹೇಳಲಿಲ್ಲ.

ಆಲ್ಟನ್ ಪೆಟ್‌ವೇ ಈಗ ಮನೆಯಲ್ಲೇ ಇರುತ್ತಾನೆ. ಸುತ್ತಲಿನ ಶಾಲೆಗಳವರು ತಂದುಕೊಡುವ ಹಳೆಯ ಕಹಳೆಗಳ ನೆಗ್ಗು ತೆಗೆದು, ಜಾರುಕೊಳವೆಗಳಿಗೆ ಎಣ್ಣೆ ಹಾಕಿ, ರಿಪೇರಿ ಮಾಡುತ್ತಾನೆ. ಊದಿ ನೋಡುವ ಕೆಲಸ ವರ್ಡೆಲ್‌ಳದು. ಅವಳು ಶಾಲೆಯಿಂದ ಬರುವವರೆಗೆ ಅವು ಮೇಜಿನ ಮೇಲೆ ಕಾಯುತ್ತವೆ.