ಕೈಕಟ್ಟು ಮೇಡಂ

ಮೇಷ್ಟರುಗಳಿಗೆ ಪಾಠ ಹೇಳುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ಒಬ್ಬರನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಬ್ಬರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹಾರಿರುತ್ತಾರೆ. ಅಂಥ ಕೆಲಸವನ್ನು ಅವಳು ಬೇಕೆಂದೇ ಆರಿಸಿಕೊಂಡಿದ್ದಳು. ಕಪ್ಪು ಹಲಗೆ ಇದ್ದ ಜಾಗಕ್ಕೆಲ್ಲ ಈಗ ಬೆರಳು ತಾಗಿಸಿದರೆ ಕುಣಿಯುವ ದೊಡ್ಡ ಬೋರ್ಡು ಬಂದಿದೆಯಲ್ಲ, ಅದರ ಮೇಲೆ ಪಾಠ ಮಾಡುವುದು ಹೇಗೆ ಎಂದು ಶಾಲೆಯಿಂದ ಶಾಲೆಗೆ ಹೋಗಿ ಟೀಚರುಗಳಿಗೆ ಕಲಿಸುತ್ತಾಳೆ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಅದರೊಳಗೆ ಎಷ್ಟು ಬಿಡಿಸಿದರೂ ಮತ್ತೆ ಗಂಟಾಗುವ ವೈರುಗಳು. ಎಲ್ಲ ಶಾಲೆಗಳಲ್ಲೂ ಅವಳಿಗೆ ಒಂದೇ ಹೆಸರು, ಕೈಕಟ್ಟು ಮೇಡಂ.

ಹೆಸರು ಸುಮ್ಮನೆ ಬಂದದ್ದಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವಳಿಗೆ ಉತ್ಸಾಹ ಉಕ್ಕಿ ಹರಿಯುತ್ತಿತ್ತು. ಯಾರಾದರೂ ತಡವರಿಸಿದರೆ ಸಾಕು, "ಬಿಡಿ ಸರ್, ನಾನು ಮಾಡ್ತೀನಿ" ಎಂದು ಮುನ್ನುಗ್ಗಿ ಟಕಟಕ ಒತ್ತಿಬಿಡುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿ, ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಅಂಥದ್ದೊಂದು ಶಾಲೆಗೆ ಮತ್ತೆ ಹೋಗಿ ನೋಡಿದರೆ, ಬೋರ್ಡಿನ ಮೇಲೆ ಹಳೇ ಬೆಡ್‌ಶೀಟು ಹೊದಿಸಿದ್ದಾರೆ! "ಧೂಳು ಕೂರಬಾರದಲ್ವಾ ಮೇಡಂ" ಎಂದರು ಗಣಿತದ ಮೇಷ್ಟರು, ಬಹಳ ಪ್ರೀತಿಯಿಂದ. ಕಲಿತವಳು ತಾನೊಬ್ಬಳೇ ಎಂದು ಅವತ್ತು ಅವಳಿಗೆ ಅರ್ಥವಾಯಿತು. ಅಂದಿನಿಂದ ತರಬೇತಿಯಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಾಳೆ. ಮೇಷ್ಟರು ಬೆವರಲಿ, ವಿಡಿಯೋ ತಲೆಕೆಳಗಾಗಿ ಓಡಲಿ, ಬಾಯಲ್ಲಿ ಹೇಳುತ್ತಾಳೆಯೇ ಹೊರತು ಬೆರಳು ತಾಗಿಸುವುದಿಲ್ಲ. ಒಮ್ಮೆ ಮೂಗು ತುರಿಸಿದಾಗ ಹೊರಗೆ ಹೋಗಿ ಕೆರೆದುಕೊಂಡು ಬಂದಳೆಂಬ ಸುದ್ದಿಯೂ ಇದೆ. ಅದನ್ನು ಅವಳು ಅಲ್ಲಗಳೆದಿಲ್ಲ.

ಮನೆಯಲ್ಲಿ ಇವಳು ತಂಗಿ, ನಾವೂ ಹಾಗೇ ಕರೆಯೋಣ. ಜೊತೆಗಿರುವ ಅಕ್ಕ ಭೂಗೋಳದ ಟೀಚರು. ಅಕ್ಕ ಮಕ್ಕಳ ಕಡೆಗೇ ಮುಖ ಮಾಡಿ ನಿಂತು, ಹಿಂದೆ ಕೈಚಾಚಿ, ತಿರುಗಿಯೂ ನೋಡದೆ ಸೀಮೆಸುಣ್ಣದಲ್ಲಿ ಖಂಡವೊಂದನ್ನು ಬಿಡಿಸಬಲ್ಲಳು. ಅವಳ ದನಿ ಶಾಲೆಯ ಗೇಟಿನವರೆಗೂ ಕೇಳುತ್ತದೆ. ಆದರೆ ಫೋನು ಕಂಡರೆ ಮಾತ್ರ ಕೈಕಾಲು ಆಡುವುದಿಲ್ಲ. ಯಾಕೆ ಆಡಬೇಕು? ಅಕ್ಕ ಫೋನು ಕೈಗೆತ್ತಿಕೊಂಡ ತಕ್ಷಣ ತಂಗಿ "ಇಲ್ಲಿ ಕೊಡು" ಎಂದು ಕಿತ್ತುಕೊಳ್ಳುತ್ತಾಳೆ. ಮೆಸೇಜು ಕಳಿಸುವುದು, ಫೋಟೋ ಹುಡುಕುವುದು, ಎಲ್ಲ ಇವಳದೇ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯಿದೆ. ಇವಳು ಮನೆಗೂ ಉಪಕಾರಿ, ತೊಂದರೆಯೇ ಅದು.

ರಜೆ ಮುಗಿಯುವಷ್ಟರಲ್ಲಿ ಅಕ್ಕನ ಶಾಲೆಯ ಕಪ್ಪು ಹಲಗೆಗಳನ್ನೂ ಕಿತ್ತುಹಾಕಿದರು. ಪ್ರತಿಯೊಬ್ಬರೂ ತಮ್ಮೆದುರು ಹೊಸ ಬೋರ್ಡಿನ ಮೇಲೆ ಒಂದು ಪೀರಿಯಡ್ ಪಾಠ ಮಾಡಿ ತೋರಿಸಬೇಕು, ಆಗದವರು ತರಗತಿ ಬಿಟ್ಟು ಲೈಬ್ರರಿ ನೋಡಿಕೊಳ್ಳಬೇಕು ಎಂದು ಹೆಡ್‌ಮಿಸ್ಟ್ರೆಸ್ ಅಪ್ಪಣೆ ಮಾಡಿದರು. ಲೈಬ್ರರಿಯಂತೆ! ಅಕ್ಕನ ಗಂಟಲಿಗೆ! ಸ್ಟಾಫ್ ರೂಮಿನಲ್ಲಿ ಎಲ್ಲರ ಜೊತೆ ತಾನೂ ನಕ್ಕ ಅಕ್ಕ, ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯಲ್ಲಿ ಕುಸಿದಳು.

"ಮಕ್ಕಳಿಲ್ಲದ ರೂಮಲ್ಲಿ ಕೂತು ನಾನೇನೇ ಮಾಡ್ಲಿ?" ಎಂದಳು.

"ನಾನು ಕಲಿಸ್ತೀನಿ" ಎಂದಳು ತಂಗಿ. ಮಾರನೇ ದಿನದಿಂದಲೇ ಮನೆಯಲ್ಲಿ ತಾಲೀಮು ಶುರು. ಆರಿಸಿಕೊಂಡದ್ದು ಹಗಲು ರಾತ್ರಿ ಹೇಗಾಗುತ್ತವೆ ಎಂಬ ಪಾಠ. ತಂಗಿಯ ಲ್ಯಾಪ್‌ಟಾಪಿನ ತೆರೆಯ ಮೇಲೆ ಒಂದು ಭೂಮಿ, ಅರ್ಧಕ್ಕೆ ಬೆಳಕು, ಅರ್ಧಕ್ಕೆ ಕತ್ತಲೆ, ಬೆರಳಲ್ಲಿ ಮೆಲ್ಲಗೆ ಸವರಿದರೆ ತಿರುಗುತ್ತದೆ. ಅಕ್ಕ ಸವರಲಿಲ್ಲ, ತಿವಿದಳು. ಭೂಮಿ ಬುಗುರಿಯಾಯಿತು.

"ಇಲ್ಲಿ ಕೊಡು!"

ಹೀಗೆ ಎಷ್ಟು ಸಲವೋ. ಕೊನೆಗೆ ಅಕ್ಕನಿಗೆ ರೇಗಿತು. "ಕಂಡೋರಿಗೆಲ್ಲ ಕೈ ಕಟ್ಕೊಂಡು ಕಲಿಸ್ತೀಯಂತೆ, ನನ್ನ ಹತ್ರ ಮಾತ್ರ ಯಾಕೇ ಕಿತ್ಕೊಳ್ತೀಯ?"

"ನೀನು ಒದ್ದಾಡೋದು ನೋಡೋಕಾಗಲ್ಲ ಅಕ್ಕ."

"ನೋಡು ಅಂತ ಯಾರು ಅಂದ್ರು?"

ತಂಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಆದರೂ ಮರುಗಳಿಗೆಗೆ ಕೈ ತಾನಾಗಿಯೇ ಮುಂದೆ ಹೋಗಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಪರೀಕ್ಷೆಯ ದಿನ ಹೆಡ್‌ಮಿಸ್ಟ್ರೆಸ್ ತರಗತಿಯ ಕಿಟಕಿ ಪಕ್ಕ ಕೂತರು. ತರಬೇತಿಯವಳೆಂಬ ಹಕ್ಕಿನಲ್ಲಿ ತಂಗಿ ಹಿಂದಿನ ಬೆಂಚಿನಲ್ಲಿ. ಬೋರ್ಡಿನ ಮೇಲಿನ ಚಿತ್ರ ಅವಳ ಮಡಿಲಲ್ಲಿದ್ದ ಲ್ಯಾಪ್‌ಟಾಪಿನಿಂದಲೇ ಹೋಗುತ್ತಿತ್ತು. ಅಕ್ಕನ ಆರಂಭ ಜೋರಾಗಿಯೇ ಇತ್ತು. ಸೂರ್ಯನನ್ನು ಅವಳೇ ಎಬ್ಬಿಸಿದಳೇನೋ ಅನ್ನಿಸಬೇಕು, ಹಾಗೆ ಮಾತಾಡಿದಳು. ಆಮೇಲೆ ಬೋರ್ಡಿಗೆ ಬೆರಳಿಟ್ಟಳು. ಭೂಮಿ ಅಲುಗಲಿಲ್ಲ. ಕರವಸ್ತ್ರಕ್ಕೆ ಬೆರಳು ಒರೆಸಿ ಮತ್ತೆ ಇಟ್ಟಳು. ಊಹೂಂ. ಇನ್ನೊಮ್ಮೆ ಎಂದು ಅಕ್ಕ ಕೈ ಎತ್ತುವಷ್ಟರಲ್ಲಿ, ಹಿಂದಿನ ಬೆಂಚಿನಲ್ಲಿ ಒಂದು ಬೆರಳು ತಡೆಯಲಾರದೆ ಲ್ಯಾಪ್‌ಟಾಪಿನ ಮೇಲೆ ಜಾರಿತು.

ಭೂಮಿ ಗಂಭೀರವಾಗಿ ತಿರುಗಿತು.

"ಮಿಸ್, ನೀವು ಮುಟ್ಟಲೇ ಇಲ್ಲ! ತಾನೇ ತಿರುಗ್ತು!" ಎಂದು ಮುಂದಿನ ಸಾಲಿನ ಹುಡುಗಿ ಕೂಗಿದಳು. ತರಗತಿ ಗೊಳ್ಳೆಂದು ನಕ್ಕಿತು. ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ಒರೆಸಿದರು, ಅದು ಒಳ್ಳೆಯ ಲಕ್ಷಣವಲ್ಲ.

ಅಕ್ಕ ನಿಧಾನಕ್ಕೆ ತಿರುಗಿದಳು. "ಯಾರದು ಹಿಂದಿನ ಬೆಂಚಲ್ಲಿ? ಎದ್ದೇಳು. ಲ್ಯಾಪ್‌ಟಾಪ್ ಎತ್ಕೋ. ಹೊರಗೆ ನಡಿ!"

ದೊಡ್ಡವಳೊಬ್ಬಳನ್ನು ಹೊರಗೆ ಹಾಕುವುದನ್ನು ಮಕ್ಕಳು ಜನ್ಮದಲ್ಲಿ ನೋಡಿರಲಿಲ್ಲ. ಬಾಯಿ ತೆರೆದುಕೊಂಡು ನೋಡಿದರು. ತಂಗಿ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಹೊರಬಂದಳು, ಹಿಂದೆಯೇ ಬಾಗಿಲು ಮುಚ್ಚಿತು.

ಕಾರಿಡಾರಿನಲ್ಲಿ ಮಕ್ಕಳ ಶೂಗಳ ಸಾಲು, ತೊಟ್ಟಿಕ್ಕುವ ಒಂದು ನಲ್ಲಿ. ಗೋಡೆಯಾಚೆ ಅಕ್ಕನ ದನಿ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ನಿಂತುಹೋಯಿತು. ಅಕ್ಕನ ತರಗತಿಯಲ್ಲಿ ಮೌನ! ತಂಗಿಯ ಕೈ ಬಾಗಿಲ ಹಿಡಿಗೆ ಹೋಯಿತು. ಒಳಗೆ ಹೋದರೆ ಕ್ಷಣದ ಕೆಲಸ, ಎಲ್ಲ ಸರಿಯಾಗುತ್ತದೆ. ಹೋದರೆ ಅಕ್ಕನ ಮೇಷ್ಟರಿಕೆಯೂ ಅಲ್ಲಿಗೇ ಮುಗಿಯುತ್ತದೆ. ಹಿಡಿಯನ್ನು ಬಿಟ್ಟು, ಗೋಡೆಗೆ ಒರಗಿ, ಅವಳು ನಿಜವಾಗಿ ಅತ್ತಳು. ಯಾರಿಗೂ ಇಷ್ಟು ಕಷ್ಟದ ಪಾಠ ಅವಳು ಹೇಳಿಕೊಟ್ಟಿರಲಿಲ್ಲ.

ಇದ್ದಕ್ಕಿದ್ದ ಹಾಗೆ ಒಳಗೆ "ಓ!" ಎಂದು ಮಕ್ಕಳ ಉದ್ಗಾರ. ಅದನ್ನೂ ಮೀರಿಸಿ ಅಕ್ಕನ ಗಂಟಲು. ಬೆಲ್ಲು ಹೊಡೆಯುವವರೆಗೂ ಅದು ನಿಲ್ಲಲಿಲ್ಲ.

ಮೊದಲು ಹೆಡ್‌ಮಿಸ್ಟ್ರೆಸ್ ಹೊರಬಂದರು. "ಲೈಬ್ರರಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕು" ಎಂದು ತಮಗೆ ತಾವೇ ಹೇಳಿಕೊಂಡು ಹೋದರು. ಹಿಂದೆಯೇ ಅಕ್ಕ, ಬೆವರಿ ನೀರಾಗಿದ್ದಳು.

"ನಡುವೆ ಏನಾಯ್ತು ಅಕ್ಕ? ಸದ್ದೇ ಇರಲಿಲ್ಲ."

"ನೀನು ಲ್ಯಾಪ್‌ಟಾಪ್ ಹೊತ್ಕೊಂಡು ಹೋದ್ಯಲ್ಲ, ಅದರ ಜೊತೆ ಭೂಮಿನೂ ಹೋಯ್ತು."

"ಅಯ್ಯೋ! ಆಮೇಲೆ?"

"ಆಮೇಲೇನು, ಬೋರ್ಡಿನೊಳಗೂ ಒಂದು ಭೂಮಿ ಇರ್ಬೇಕು ಅಂತ ಹುಡುಕ್ದೆ. ಅಲ್ಲಿ ಒತ್ತಿದೆ, ಇಲ್ಲಿ ಒತ್ತಿದೆ, ಸಿಕ್ತು. ಮೆಲ್ಲಗೆ ಸವರಿದೆ, ತಿರುಗ್ತು."

"ಮಕ್ಕಳು ಹೇಳ್ಕೊಟ್ರಾ?"

"ಬಾಯಿ ಬಿಟ್ರೆ ನೋಡಿ ಅಂದಿದ್ದೆ."

"ಮತ್ತೆ ಹೇಗೆ ಬಂತೇ ನಿಂಗೆ?"

"ನೀನಿರಲಿಲ್ವಲ್ಲ" ಎಂದಳು ಅಕ್ಕ, ಸಹಜವಾಗಿ, ಮತ್ತೆ ಮುಂದಿನ ಪೀರಿಯಡ್ಡಿಗೆ ಹೊರಟಳು.

ತಂಗಿ ಅಲ್ಲೇ ನಿಂತಳು. ಇಷ್ಟು ವರ್ಷ ಕಲಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಯಾವ ಸರ್ಟಿಫಿಕೇಟೂ ಇಷ್ಟು ಚುಚ್ಚಿರಲಿಲ್ಲ.