ಬಳೆಗೆ ಸುತ್ತಿದ ಬಾಳೆನಾರು

ಮೊನ್ನೆ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಹೂ ಮಾರುವ ಹುಡುಗಿಯೊಬ್ಬಳು ನನ್ನ ಪಕ್ಕದಲ್ಲೇ ನೆನೆಸಿದ ಬಾಳೆನಾರನ್ನು ಹಿಂಡಿದಳು. ಮಲ್ಲಿಗೆಯ ಕಂಪಿಗಿಂತ ಮೊದಲು ಆ ಒದ್ದೆ ನಾರಿನ ವಾಸನೆ ಬಂತು. ಹಡಗಲಿಯ ನಮ್ಮ ಓಣಿ, ಪಕ್ಕದ ಮನೆಯ ಕಟ್ಟೆ, ಅಲ್ಲಿ ಹಲಗೆ ಹಾಕಿಕೊಂಡು ಕೂತ ಹೂವಿನ ದೊಡ್ಡಮ್ಮ...

ನಮಗೆ ಬಳಗವಲ್ಲ, ಓಣಿಗೆಲ್ಲ ದೊಡ್ಡಮ್ಮ. ಕಟ್ಟಿದ ಹೂವನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು ಮೊಳ ಹಾಕುತ್ತಿದ್ದಳು. ಮೇಲೆ ಒಂದು ಗೇಣು ಕೊಸರು, ಯಾರೂ ಕೇಳದಿದ್ದರೂ.

ಆಕೆಯ ಸಕ್ಕರೆ ಕಾಯಿಲೆ ಹಳೆಯದು. ಗುಳಿಗೆ, ನವಣೆ ಅನ್ನದಿಂದ ಹಿಡಿತದಲ್ಲಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ, ತೊಂಬತ್ತರ ದಶಕದ ಕೊನೆಗೆ, ಅದು ಇದ್ದಕ್ಕಿದ್ದಂತೆ ಏರತೊಡಗಿತು. ಆಗಲೇ ದೊಡ್ಡಮ್ಮ ತೆಳ್ಳಗೂ ಆದಳು. ಪಥ್ಯ ಫಲಿಸಿತೆಂದು ಓಣಿಯೇ ಹಿಗ್ಗಿತು. ತಾರೀಖು ಹಾಕಿ ಎಲ್ಲ ಬರೆಯುವ ನನ್ನ ದಿನಚರಿಯಲ್ಲೂ ‘ದೊಡ್ಡಮ್ಮ ಈಗ ಚಂದ ಕಾಣುತ್ತಾಳೆ’ ಎಂದೇ ಇದೆ.

ಸಕ್ಕರೆ ಏರಿದ್ದಕ್ಕೆ ಮಾತ್ರ ಆಕೆಯ ಗಂಡ ಬೇರೆ ಕಾರಣ ಹುಡುಕಿದ್ದರು.

“ಖರೆ ಹೇಳು, ಬೆಲ್ಲದ ಡಬ್ಬಿ ಎಲ್ಲಿ ಮುಚ್ಚಿಟ್ಟಿ?”

“ನಿಮ್ಮ ತಲಿದಿಂಬಿನ್ಯಾಗ ಐತಿ, ಬಿಚ್ಚಿ ನೋಡ್ಕಳ್ರಿ.”

ಒಂದು ದಿನ ನಾನು ಪಕ್ಕದಲ್ಲಿ ಕೂತಿದ್ದಾಗ, ಹೂ ಕಟ್ಟುತ್ತಿದ್ದ ಆಕೆಯ ಹಸಿರು ಬಳೆಯೊಂದು ತಾನಾಗಿಯೇ ಕೈಯಿಂದ ಕಳಚಿ ನಾರಿನ ಬುಟ್ಟಿಗೆ ಬಿತ್ತು. ಮುತ್ತೈದೆಯ ಬಳೆ ಹಾಗೆ ಕಳಚುವುದು ಒಳ್ಳೆಯದಲ್ಲವೆಂದು ಆಕೆಗೆ ದಿಗಿಲು. ತಟ್ಟನೆ ಏರಿಸಿಕೊಂಡು, ಮತ್ತೆ ಜಾರದಂತೆ ಎಲ್ಲ ಬಳೆಗಳಿಗೂ ಬಾಳೆನಾರು ಸುತ್ತಿ ಬಿಗಿ ಮಾಡಿದಳು. “ಯಾರಿಗೂ ಹೇಳಬ್ಯಾಡವ್ವಾ” ಎಂದಳು. ಶಕುನಕ್ಕೆ ಅಂಜಿದಳೇ ಹೊರತು ಮೈ ಕರಗುತ್ತಿದೆಯೆಂದಲ್ಲ.

ಮುಂದಿನ ಸಲ ಸಕ್ಕರೆ ತೋರಿಸಲು ಹೋದಾಗ ಜೊತೆಗೆ ನಾನಿದ್ದೆ. ಬಿ.ಪಿ. ಪಟ್ಟಿ ಸುತ್ತುತ್ತಿದ್ದ ಡಾಕ್ಟರರ ಕಣ್ಣು ಬಳೆಯ ಮೇಲೆ ನಿಂತಿತು.

“ಇದಕ್ಯಾಕ ನಾರು ಸುತ್ತೀರಿ?”

“ಜಾರ್ತಾವ್ರೀ. ಪಥ್ಯ ಮಾಡೀನಿ ನೋಡ್ರಿ, ಸಣ್ಣಗಾಗೀನಿ.”

ಡಾಕ್ಟರು ನಗಲಿಲ್ಲ. “ಪಥ್ಯದಿಂದ ಸಣ್ಣಗಾದ್ರ ಸಕ್ರಿನೂ ಇಳೀಬೇಕಲ್ಲಬೇ? ನಿಮಗ ತೂಕ ಇಳ್ಯಾಕತ್ತೈತಿ, ಸಕ್ರಿ ಏರಾಕತ್ತೈತಿ. ಹೊಟ್ಟಿ ಸ್ಕ್ಯಾನ್ ಆಗಲೇಬೇಕು.”

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯಲ್ಲೇ ಕ್ಯಾನ್ಸರ್ ಗಡ್ಡೆ. ಚಿಕ್ಕದಿತ್ತು, ಕೊಯ್ದು ತೆಗೆಯಬಹುದಿತ್ತು. ಈ ರೋಗ ಇಷ್ಟು ಬೇಗ ಸಿಗುವುದೇ ಅಪರೂಪ, ಏರಿದ ಸಕ್ಕರೆಯೇ ಸುಳಿವು ಕೊಟ್ಟಿತು ಎಂದರಂತೆ ಅಲ್ಲಿನ ಡಾಕ್ಟರು. ಆದರೆ ಅದೇ ಸಕ್ಕರೆ ಇಳಿಯದೆ ಕೊಯ್ದರೆ ಗಾಯ ಮಾಯದೆ ಕೀವಾಗುವ ಭಯ. ಕಾಯುತ್ತ ಕೂತರೆ ಗಡ್ಡೆ ಬೆಳೆಯುವ ಭಯ. ದೊಡ್ಡಮ್ಮ ಕೇಳಿದ್ದು ಒಂದೇ: “ಬರೋ ಶ್ರಾವಣಕ್ಕ ನಾ ಹಲಗಿ ಮ್ಯಾಲ ಕೂಡ್ತೀನಿಲ್ರೀ?”

ಇನ್ಸುಲಿನ್ ಶುರುವಾಯಿತು. “ಜೀವಮಾನಿಡೀ ಸೂಜಿ ಮುಟ್ಟದ ಹೂ ಕಟ್ಟಿದಾಕಿ ನಾನು, ಈಗ ಹೊಟ್ಟಿಗೇ ಸೂಜಿ ಬಂತು ನೋಡು” ಎಂದು ನಗಾಡುತ್ತಲೇ ಚುಚ್ಚಿಕೊಂಡಳು. ಸಕ್ಕರೆ ಇಳಿಯಿತು, ಆಪರೇಷನ್ ಆಯಿತು. ಗಾಯ ಬಹಳ ನಿಧಾನ ಮಾಯಿತು... ಆದರೆ ಮಾಯಿತು.

ಶ್ರಾವಣಕ್ಕೆ ದೊಡ್ಡಮ್ಮ ಹಲಗೆಯ ಮೇಲಿದ್ದಳು. ಕೈತುಂಬ ಹೊಸ ಬಳೆ, ಚಿಕ್ಕ ಅಳತೆಯವು, ನಾರಿಲ್ಲದವು. ಗಂಡ, ಇನ್ನು ಆ ಜಗಳವೇ ಬೇಡವೆಂದು, ಬೆಲ್ಲದ ಡಬ್ಬಿಯನ್ನು ತಾವೇ ತಂದು ನಮ್ಮ ಮನೆಯಲ್ಲಿಟ್ಟರು. “ಪಾಪ, ದಿಂಬು ಹುಡುಕಿ ಸಾಕಾಗಿರಬೇಕು” ಎಂದಳು ದೊಡ್ಡಮ್ಮ. ಆಮೇಲೂ ಕೆಲವು ಶ್ರಾವಣಗಳನ್ನು ಆಕೆ ಹಾಗೆಯೇ ಕಂಡಳು, ದಿನಕ್ಕೆರಡು ಸೂಜಿ ಚುಚ್ಚಿಕೊಂಡು, ಕೊಸರು ಬಿಡದೆ. ನಾನು ಕಾಲೇಜಿಗೆ ಊರು ಬಿಟ್ಟ ಮೇಲೆ ರೋಗ ಮರಳಿತು. ಆ ಸಲ ಡಾಕ್ಟರರಿಗೂ ಮಾಡಲು ಏನೂ ಉಳಿದಿರಲಿಲ್ಲ.

ಕೂಡ್ಲಿಗಿಯ ಹುಡುಗಿ ನನಗೆ ಮೊಳ ಹಾಕಲು ಕೈ ಎತ್ತಿದಳು. ನಾನು ಹೂವನ್ನಲ್ಲ, ಬಳೆಗಳನ್ನು ನೋಡಿದೆ. ಮಣಿಕಟ್ಟಿನಲ್ಲೇ ಬಿಗಿಯಾಗಿ ನಿಂತಿದ್ದವು. ಸಮಾಧಾನವಾಯಿತು. ಮೊಳದ ತುದಿಗೆ ಸರಿಯಾಗಿ ಹೂ ಕತ್ತರಿಸಿ ಕೊಟ್ಟಳು. ಬಸ್ ಹೊರಟ ಮೇಲೂ ನನ್ನ ಕೈ ಇನ್ನೊಂದು ಗೇಣು ಕೊಸರಿಗೆ ಚಾಚಿಯೇ ಇತ್ತೇನೋ...